ಬಾಚಣಿಗೆಗೆ ಸಿಕ್ಕ ಜುಲು

ನಮ್ಮ ಮನೆಯ ಗೋಡೆಗೂಡಿನಲ್ಲಿ ಒಂದು ಹಳೆಯ ಮರದ ಬಾಚಣಿಗೆಯಿದೆ. ನಡುವೆ ಕೆಲವು ಹಲ್ಲು ಮುರಿದು ಕಿಂಡಿ ಬಿದ್ದಿದೆ. ಹಾಲುಹಲ್ಲು ಬಿದ್ದ ಮಗು ಬಾಯಿ ಬಿಟ್ಟು ನಕ್ಕ ಹಾಗೆ ಕಾಣುತ್ತದೆ. ಅಂಗಡಿ ಅಂಗಡಿಯಲ್ಲೂ ಬಣ್ಣಬಣ್ಣದ ಪ್ಲಾಸ್ಟಿಕ್ ಬಾಚಣಿಗೆಗಳು ನೇತಾಡುವ ಈ ಕಾಲದಲ್ಲಿ ಇದನ್ನೇಕೆ ಇಟ್ಟುಕೊಂಡಿದ್ದೀಯೆ ಎಂದು ನನ್ನ ಗಂಡ ಆಗಾಗ ಕೇಳುವುದುಂಟು. ಹಲ್ಲು ಮುರಿದದ್ದು ನನ್ನ ತಮ್ಮ ಮಾದೇಶನ ತಲೆಯಲ್ಲಿ, ಅವನ ಕೂದಲು ಅಷ್ಟು ಒರಟು ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ಆದರೆ ಮೊನ್ನೆ ಒಂದು ಸಂಗತಿ ನಡೆಯಿತು, ಗೆಳೆಯರೇ! ಹೇಳದೆ ನನಗೆ ತಡೆಯಲಾಗುತ್ತಿಲ್ಲ. ಒಲೆಯ ಮೇಲೆ ಹಾಲಿಟ್ಟು ಬರೆಯಲು ಕೂತಿದ್ದೇನೆ, ಉಕ್ಕಿದರೆ ಉಕ್ಕಲಿ.

ನಾನು ಓದಿದ್ದು ಏಳನೆಯ ತರಗತಿ. ರಾಮಾಪುರದ ಬಸ್ಸು ನಿಲ್ಲುವ ಜಾಗದಲ್ಲಿ ಗಂಡನೂ ನಾನೂ ಟೀ ಅಂಗಡಿ ಇಟ್ಟಿದ್ದೇವೆ. ಬಜ್ಜಿ ಕಟ್ಟಲು ತಂದ ಹಳೆಯ ಪೇಪರನ್ನು ಓದದೆ ಕಟ್ಟಿಕೊಡುವವಳಲ್ಲ ನಾನು. ಅಷ್ಟೇ ನನ್ನ ಪಾಂಡಿತ್ಯ. ಆದರೂ ಒಂದೇ ಒಂದು ಪದದ ವಿಷಯದಲ್ಲಿ ನನ್ನಷ್ಟು ತಿಳಿದವರು ಹನೂರು, ಕೊಳ್ಳೇಗಾಲದ ಸುತ್ತ ಯಾರೂ ಇರಲಾರರು ಎಂಬ ಜಂಬ ನನಗಿದೆ. ಆ ಪದ ಜುಲು.

ಮೊದಲು ಕೂದಲಿನ ಕಥೆ. ನಾನು ಹುಟ್ಟಿದ ಮೇಲೆ, ಮಾದೇಶನಿಗಿಂತ ಮೊದಲು ಅವ್ವನಿಗೆ ಹುಟ್ಟಿದ ಕೂಸುಗಳು ಉಳಿಯಲಿಲ್ಲ. ಇದೊಂದು ಉಳಿದರೆ ಬೆಟ್ಟಕ್ಕೆ ಬಂದು ಮುಡಿ ಕೊಡುತ್ತೇವೆ ಎಂದು ಅವ್ವ ಮಾದಪ್ಪನಿಗೆ ಹರಕೆ ಹೊತ್ತಳು. ಮಗುವಿನ ಮೊದಲ ಮುಡಿ ತೆಗೆಯುವಾಗ ಅದು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು, ಮೊದಲ ಕತ್ತರಿ ಅವನದೇ ಆಗಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಯಳಂದೂರಿನ ನಮ್ಮ ಮಾವನೋ, ತನ್ನ ಮನೆಯ ಮದುವೆಯಲ್ಲಿ ಅಪ್ಪನನ್ನು ಮೊದಲ ಪಂಕ್ತಿಗೆ ಕರೆಯಲು ಮರೆತಿದ್ದ. ಅಪ್ಪ ಉಣ್ಣದೆ ಎದ್ದು ಬಂದ. ಅವನೇ ಬಂದು ಕರೆಯಲಿ ಎಂದು ಇವನು, ಅವರೇ ಬಂದು ಕೇಳಲಿ ಎಂದು ಅವನು. ಇಬ್ಬರು ಗಂಡಸರ ಬಿಗುಮಾನದ ನೆರಳಿನಲ್ಲಿ ನನ್ನ ತಮ್ಮನ ಕೂದಲು ಹುಲುಸಾಗಿ ಬೆಳೆಯಿತು!

ಎಂಥ ಕೂದಲು ಅಂತೀರಿ! ಒಂದೊಂದು ಎಳೆಯೂ ಬಳ್ಳಿಯ ಕುಡಿಯ ಹಾಗೆ ಸುತ್ತಿಕೊಂಡು, ಮೇಲೆ ನೀರು ಹೊಯ್ದರೆ ಬುಡಕ್ಕಿಳಿಯದಷ್ಟು ದಟ್ಟ. ಶಾಲೆಗೆ ಸೇರುವ ವಯಸ್ಸಾದರೂ ಅದು ತಲೆಯ ಮೇಲೇ ಇತ್ತು. ದಿನಾ ಬೆಳಿಗ್ಗೆ ಅದನ್ನು ಬಾಚಿ, ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ ಟೇಪು ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ನಾನು ಬುಡಕ್ಕೆ ಬಾಚಣಿಗೆ ನಾಟಿ ಎಳೆಯುತ್ತಿದ್ದೆ, ಅವನು ಕಿರುಚುತ್ತಿದ್ದ, ಅವ್ವ ಒಳಗಿನಿಂದ ನನ್ನನ್ನು ಬಯ್ಯುತ್ತಿದ್ದಳು, ಪ್ರಾರ್ಥನೆಯ ಗಂಟೆ ಹೊಡೆದುಹೋಗುತ್ತಿತ್ತು. ತಡವಾಗಿ ಬಂದದ್ದಕ್ಕೆ ಅಂಗೈಗೆ ಏಟು ಬೀಳುತ್ತಿದ್ದದ್ದು ನನಗೆ. ಆ ಕೂದಲಿನ ಮೇಲೆ ನನಗೆ ಎಷ್ಟು ಹೊಟ್ಟೆಯುರಿ ಇದ್ದಿರಬಹುದು, ನೀವೇ ಊಹಿಸಿ.

ಹೀಗಿರುವಾಗ ಏಳನೆಯ ತರಗತಿಯಲ್ಲಿ ಮೇಷ್ಟ್ರು ಆಫ್ರಿಕಾದ ಪಾಠ ಮಾಡುತ್ತ ಒಂದು ಚಿತ್ರ ತೋರಿಸಿದರು. ಗುರಾಣಿ, ಭರ್ಜಿ ಹಿಡಿದು ನಿಂತ ಕಪ್ಪು ಮೈಯ, ಗುಂಗುರು ಕೂದಲಿನ ಆಳುಗಳು. ಇವರು ಜುಲು ಜನ ಎಂದರು. ಆ ದಿನ ಆಟದ ಬಿಡುವಿನಲ್ಲಿ ಮಾದೇಶ ಎರಡು ಜಡೆ ಕುಣಿಸುತ್ತ ನನ್ನ ಕಡೆ ಓಡಿ ಬಂದ. ನಾನು ಗೆಳತಿಯರ ಮುಂದೆ ಕೂಗಿದೆ:

"ಅಗೋ ಬಂದ ನೋಡ್ರೇ, ಜುಲು!"

ಅಷ್ಟೇ. ಬೇಸಗೆಯ ಕಾಡಿಗೆ ಕಿಡಿ ಬಿದ್ದ ಹಾಗೆ ಆ ಹೆಸರು ಶಾಲೆಯನ್ನೂ ಊರನ್ನೂ ಹಿಡಿದುಕೊಂಡಿತು. ಮುಂದೆ ಮಾವನೂ ಅಪ್ಪನೂ ರಾಜಿಯಾಗಿ ಬೆಟ್ಟದಲ್ಲಿ ಮುಡಿ ಕೊಟ್ಟರು. ಕೂದಲು ಬಿತ್ತು, ಹೆಸರು ಬೀಳಲಿಲ್ಲ. ನುಣ್ಣನೆಯ ಬೋಳುತಲೆಯ ಹುಡುಗನನ್ನೂ ಜುಲು ಎಂದೇ ಕರೆದರು. ಐದನೆಯ ತರಗತಿಗೇ ಅವನು ಶಾಲೆ ಬಿಟ್ಟ, ಟ್ರಾಕ್ಟರ್ ಕಲಿತ. ಈಗ ಕುಂತೂರಿನಲ್ಲಿ ಸಂಸಾರ ಹೂಡಿ ಕಬ್ಬಿನ ಟ್ರಾಕ್ಟರ್ ಓಡಿಸುತ್ತಾನೆ. ಅಂದಿನಿಂದ ತಲೆಯ ಮೇಲೆ ಬೆರಳಿಗೆ ಸಿಗುವಷ್ಟು ಕೂದಲನ್ನೂ ಅವನು ಬಿಟ್ಟವನಲ್ಲ. ಹಬ್ಬಕ್ಕೆ ಬರುತ್ತಾನೆ, ಉಣ್ಣುತ್ತಾನೆ, ಸೀರೆ ಕೊಡುತ್ತಾನೆ. ಆದರೆ ತಲೆ ಸವರಲು ಕೈ ಎತ್ತಿದರೆ ಸರಕ್ಕನೆ ಹಿಂದೆ ಸರಿಯುತ್ತಾನೆ.

ನಾನು ಬಿಟ್ಟ ಪದ ಅವನೊಬ್ಬನನ್ನೇ ಅಟ್ಟಿಸಿಕೊಂಡು ಹೋಗಲಿಲ್ಲ, ನನ್ನನ್ನೂ ಹಿಂಬಾಲಿಸಿತು. ಕಾಡಿನಲ್ಲಿ ಪೊಲೀಸರ ಓಡಾಟ ಜೋರಾಗಿದ್ದ ವರ್ಷಗಳಲ್ಲಿ ಪಾಲಾರ್ ಕಡೆಗೆ ಹೋಗಿಬರುವ ಪೇದೆಗಳೆಲ್ಲ ನಮ್ಮಲ್ಲೇ ಟೀ ಕುಡಿಯುತ್ತಿದ್ದರು. ಒಂದು ದಿನ ಒಬ್ಬರ ಸೊಂಟದ ವೈರ್‌ಲೆಸ್ಸು ಕರಕರ ಎಂದು, "ಜುಲು, ಜುಲು" ಎಂದು ಕೂಗಿಕೊಂಡಿತು. ನಾನು ಲೋಟಕ್ಕೆ ಟೀ ಹೊಯ್ಯುತ್ತಲೇ ಕೇಳಿದೆ:

"ಯಾರ್ನ ಸಾ, ಜುಲು ಅಂತಿರೋದು?"

"ಯಾರ್ನೂ ಅಲ್ಲ ಕಣಕ್ಕ. ಅದು ಇಂಗ್ಲಿಷ್ನ ಕೊನೇ ಅಕ್ಷರ. ಗಾಳೀಲಿ ಮಾತು ಕೆಟ್ಟೋಯ್ತದೆ ಅಂತ ಒಂದೊಂದು ಅಕ್ಷರಕ್ಕೂ ಒಂದೊಂದು ಎಸ್ರು ಮಡಗವ್ರೆ. ಅದಿರ್ಲಿ, ಟೀನೆಲ್ಲ ಯಾಕೆ ನನ್ನ ಬೂಟಿಗೆ ಉಯ್ತಾ ಇದ್ದೀಯೆ?"

ನೋಡಿದರೆ ಲೋಟ ತುಂಬಿ ಹರಿದು ಅವರ ಬೂಟು ಹಾಲುಬಣ್ಣವಾಗಿತ್ತು! ಆದರೆ ನನಗಾದ ಹಿಗ್ಗು ಹೇಳತೀರದು. ನನ್ನ ತಮ್ಮನ ಹೆಸರು ಪೊಲೀಸರಿಗೆ ಬೇಕಾಗಿದೆ! ಅದಿಲ್ಲದೆ ಅವರ ಅಕ್ಷರಮಾಲೆ ಮುಗಿಯುವುದಿಲ್ಲ! ಆಮೇಲೆ ಕೊಳ್ಳೇಗಾಲದ ಒಬ್ಬ ಹಿರಿಯರು ಬಸ್ಸಿಗೆ ಕಾಯುತ್ತ ಕೂತಾಗ ಇನ್ನೊಂದು ಅರ್ಥ ಕೊಟ್ಟರು. ಅವರು ವಾಯುಸೇನೆಯಲ್ಲಿ ಇದ್ದವರು. ದೇಶದೇಶಕ್ಕೆ ಹೊತ್ತು ಬೇರೆಯಾದರೂ ಹಾರುವ ವಿಮಾನಗಳೆಲ್ಲ ಲೆಕ್ಕಕ್ಕೆ ಹಿಡಿಯುವ ಹೊತ್ತು ಒಂದೇ ಅಂತೆ, ಅದಕ್ಕೆ ಜುಲು ಹೊತ್ತು ಎನ್ನುತ್ತಾರಂತೆ. ನಮ್ಮ ರಾಮಾಪುರದ ಬಸ್ಸಿಗೂ ಅಂಥದೊಂದು ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಇಬ್ಬರೂ ನಕ್ಕೆವು.

ನಮ್ಮಲ್ಲೇನು ಕಡಿಮೆಯೇ? ನಮ್ಮ ಕನ್ನಡದಲ್ಲಿ ಜೂಲು ಎಂಬ ಅದರ ನೆಂಟನೇ ಇದ್ದಾನೆ. ಜೂಲುನಾಯಿಯ ಮೈಮೇಲೆ ಅವನೇ, ಎತ್ತನ್ನು ಸಿಂಗರಿಸಿ ಬೆನ್ನ ಮೇಲೆ ಹೊದಿಸುವ ಬಣ್ಣದ ಜೂಲಿನಲ್ಲೂ ಅವನೇ. ಮುಸುಕಿನ ಜೋಳದ ತೆನೆಯ ತುದಿಯಲ್ಲಿ ಹೊಂಬಣ್ಣಕ್ಕೆ ಇಳಿಬೀಳುವ ಜೂಲು ಕಂಡಾಗಲೆಲ್ಲ, ಹೊಲವೂ ಯಾವ ದೇವರಿಗೋ ಮುಡಿ ಬಿಟ್ಟಿದೆಯಲ್ಲ ಎನ್ನಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಸಂಗತಿ ರೇಡಿಯೊದಿಂದ ಬಂತು. ಆಫ್ರಿಕಾದ ತುತ್ತತುದಿಯ ಆ ದೇಶದಲ್ಲಿ ಕರಿಯರೇ ಸರ್ಕಾರ ಮಾಡಿದ ಕಾಲ. ಜುಲುಗಳ ಬಗ್ಗೆ ಯಾರೋ ಭಾಷಣ ಮಾಡುತ್ತಿದ್ದರು. ನಾವು ಎತ್ತು ಹೊಡೆಯುವಾಗ ನಾಲಿಗೆಯಲ್ಲಿ ಲೊಟ್ಟೆ ಹಾಕುತ್ತೇವಲ್ಲ, ಅಂಥ ಸದ್ದು ಅವರಲ್ಲಿ ಅಕ್ಷರವಂತೆ! ತುಪಾಕಿ ಹಿಡಿದು ಬಂದ ಬಿಳಿಯರ ಸೈನ್ಯವನ್ನು ಭರ್ಜಿ ಹಿಡಿದೇ ಒಮ್ಮೆ ಸೋಲಿಸಿದ್ದರಂತೆ! ಜುಲು ಎಂದರೆ ಅವರ ಮಾತಿನಲ್ಲಿ ಆಕಾಶವಂತೆ! ಗೆಳೆಯರೇ, ನಾನು ಒಲೆಯ ಮುಂದೆ ಎದ್ದು ನಿಂತುಬಿಟ್ಟೆ. ಕಣ್ಣಿಂದ ಕಾಣದ ಒಂದು ಜನವನ್ನು ಒಂದೇ ಚಿತ್ರ ನೋಡಿ ನಗೆಪಾಟಲು ಮಾಡಿದ್ದೆವು. ಅವರು ತಮ್ಮನ್ನು ಕರೆದುಕೊಂಡದ್ದೋ ಆಕಾಶದವರೆಂದು! ಒಂದೊಂದು ಅರ್ಥ ಸಿಕ್ಕಾಗಲೂ ನನ್ನ ತಪ್ಪಿನ ಭಾರ ಅಷ್ಟಷ್ಟು ಇಳಿದ ಹಾಗಾಗುತ್ತಿತ್ತು. ಇವನ್ನೆಲ್ಲ ಒಟ್ಟಿಗೆ ಕಟ್ಟಿ ತಮ್ಮನ ಮಡಿಲಿಗೆ ಹಾಕಿದರೆ ಮುಗಿಯಿತು ಎಂದುಕೊಂಡೆ. ಹಾಕುವ ಧೈರ್ಯ ಮಾತ್ರ ಬರಲಿಲ್ಲ.

ಮೊನ್ನೆ ಆ ಧೈರ್ಯ ಬಂತು. ಹೆಂಡತಿಯ ತವರಾದ ಪಕ್ಕದ ಊರಿಗೆ ಬೇಸಗೆ ರಜೆಗೆ ಬಂದಿದ್ದ ಮಾದೇಶ, ಮಗಳು ಸಿಂಚನಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಡಿಗೆ ಬಂದ. ಅವಳ ತಲೆ ನೋಡಿ ನನಗೆ ಕಣ್ಣು ತುಂಬಿತು. ಅದೇ ಕೂದಲು, ಅದೇ ಸುರುಳಿ, ಅದೇ ಮೋಡ!

"ಅಕ್ಕೋ, ಬಿರ್ನೆ ಒಂದು ಟೀ ಕೊಡು. ಇವಳ ತಲೆ ಬೋಳಿಸ್ಕಂಡು ಸಂಜೆ ಬಸ್ಗೆ ಓಯ್ತೀವಿ."

"ಇಷ್ಟು ಚೆಂದದ ಕೂದ್ಲ ಯಾಕ್ಲಾ ಬೋಳಿಸ್ತೀಯೆ? ಅರಕೆ ಏನಾರ ಇದ್ದದಾ?"

"ಅರಕೆ ಗಿರಕೆ ಏನಿಲ್ಲ. ಇಸ್ಕೂಲ್ಗೆ ಸೇರುಸ್ತಾ ಇವ್ನಿ."

ಅಷ್ಟೇ ಅಂದ. ನನಗೆ ಅರ್ಥವಾಯಿತು. ಎದುರಿನ ಕಟಿಂಗ್ ಶಾಪಿನವನು ಆಗಲೇ ಕತ್ತರಿ ಒರೆಸುತ್ತ ಬಾಗಿಲಲ್ಲಿ ನಿಂತಿದ್ದ. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಆ ಮೋಡ ನೆಲಕ್ಕೆ ಬೀಳುತ್ತಿತ್ತು. ನಾನು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ. ಪೊಲೀಸರ ಅಕ್ಷರ, ವಿಮಾನದ ಹೊತ್ತು, ಭರ್ಜಿಯ ಯುದ್ಧ, ಆಕಾಶ!

ಸಿಂಚನಳ ಕಣ್ಣು ಅರಳಿತು. "ಅಂಗಾರೆ ಅಪ್ಪ ಆಕಾಶನಾ, ಅತ್ತೆ?"

ಮಾದೇಶ ಟೀ ಊದುತ್ತ ಕೂತಿದ್ದ. ನಾನು ತಲೆ ತಗ್ಗಿಸಿ, "ಮೊದ್ಲು ಅಂಗಂದೋಳು ನಾನೇ ಕಣಪ್ಪ" ಎಂದೆ.

"ಊರಿಗೆಲ್ಲ ಗೊತ್ತಿರದ್ನ ಈಗೇಳ್ತಾ ಇದ್ದೀಯಲ್ಲ! ಎಸ್ರು ಏನ್ ಮಾಡ್ತದಕ್ಕ? ನನ್ನ ಜೊತೆ ಗಾಡಿ ಓಡಿಸೋನ್ನ ಎಲ್ರೂ ಬೋಂಡ ಅಂತರೆ, ಅವನು ನಕ್ಕಂಡು ಓ ಅಂತನೆ." ಲೋಟ ಕೆಳಗಿಟ್ಟ. "ಬೇವಿನ ಮರದ ತಾವ್ಕೆ ಬಂದು ನಿನ್ನ ಕೇಳ್ಕಂಡ್ನಲ್ಲ. ಆಗ ನೀ ಏನಂದೆ?"

ಗೆಳೆಯರೇ, ಇದನ್ನು ನಿಮ್ಮಿಂದಲೂ ಬಚ್ಚಿಟ್ಟಿದ್ದೆ. ಹೆಸರು ಅಂಟಿಕೊಂಡ ಕೆಲವು ದಿನಕ್ಕೆ ಅವನು ಶಾಲೆಯ ಬೇವಿನ ಮರದ ಕೆಳಗೆ ನನ್ನ ಲಂಗ ಹಿಡಿದು, "ಅಕ್ಕಾ, ನೀ ಒಂದ್ಸಲ ಬಯ್ಯಕ್ಕಾ ಅವ್ರ್ನ. ನೀ ಬಯ್ದ್ರೆ ಬುಟ್ಬುಡ್ತರೆ" ಎಂದು ಅತ್ತಿದ್ದ. ಸುತ್ತ ಗೆಳತಿಯರಿದ್ದರು. ನಾನು ಲಂಗ ಬಿಡಿಸಿಕೊಂಡು, "ಯಾರ್ಲಾ ನೀನು? ಜುಲುಗೆ ಅಕ್ಕ ಬ್ಯಾರೆ ಇದ್ದಳಾ?" ಎಂದಿದ್ದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಹೆಸರಿಟ್ಟದ್ದೇ ನನ್ನ ತಪ್ಪು ಎಂದು ಇಷ್ಟು ವರ್ಷ ಮರುಗಿದೆ. ಏಕೆಂದರೆ ಹೆಸರಿಗೆ ಒಳ್ಳೆಯ ಅರ್ಥ ಹುಡುಕಬಹುದಿತ್ತು. ಆ ನಗುವಿಗೆ ಯಾವ ರೇಡಿಯೊ ಅರ್ಥ ಹೇಳೀತು? ಪದಕ್ಕೆ ಆಕಾಶ ಎಂಬ ಅರ್ಥವಿದ್ದರೇನು, ಕರೆದ ಬಾಯಲ್ಲಿ ಅಕ್ಕರೆ ಇಲ್ಲದೆ ಹೋದರೆ!

ಕಟಿಂಗ್ ಶಾಪಿನವನು ಕೂಗಿದ, "ಬತ್ತೀರಾ ಮಾದೇಸಣ್ಣಾ?"

"ಕೇಳಿಲ್ಲಿ" ಎಂದೆ ತಮ್ಮನಿಗೆ. "ಇಸ್ಕೂಲು ಸುರುವಾಗೋ ದಿನ ಅಂಗ್ಡಿ ಮುಚ್ಚಿ ಕುಂತೂರ್ಗೆ ಬತ್ತೀನಿ. ಇವಳ ಕೈ ಹಿಡ್ಕಂಡು ಒಳೀಕೆ ನಾನೇ ಕರ್ಕಂಡೋಯ್ತೀನಿ. ಯಾರಾದ್ರೂ ಒಂದ್ಮಾತು ಅಂದ್ರೆ, 'ನಾ ಇವಳ ಸೋದರತ್ತೆ ಕಣ್ರಲಾ' ಅಂತ ನಿಂತ್ಕತೀನಿ. ಆವತ್ತು ಬಯ್ದೇ ಇದ್ದುದ್ನೆಲ್ಲ ಸೇರ್ಸಿ ಬಯ್ತೀನಿ."

ಮಾದೇಶ ಮಗಳ ಸುರುಳಿಗಳಲ್ಲಿ ಬೆರಳಾಡಿಸಿದ. ಆಮೇಲೆ, "ಬಾಚಣಿಗೆ ಇದ್ದದಾ?" ಎಂದ.

ಅಂಗಡಿಯ ಹಿಂದೆಯೇ ಇರುವ ಮನೆಗೆ ಓಡಿಹೋಗಿ ಗೂಡಿನಿಂದ ತಂದೆ. ಕಂಡವನೇ ಹಣೆ ಬಡಿದುಕೊಂಡು ನಕ್ಕ. "ಅಯ್ಯೋ, ಈ ರಾಕ್ಷಸೀನ ಇನ್ನೂ ಮಡಗಿದ್ದೀಯಾ!" ಸಿಂಚನ ನನ್ನ ಮುಂದೆ ಕೂತಳು. ನಾನು ಎಂದಿನಂತೆ ಬುಡಕ್ಕೆ ಬಾಚಣಿಗೆ ಇಟ್ಟೆ. ಅವನು ನನ್ನ ಕೈ ಹಿಡಿದ.

"ಬುಡದಿಂದ ಎಳೀಬ್ಯಾಡ ಅಕ್ಕ. ತುದಿಯಿಂದ ಬಾ. ಗಂಟಿನ ಮ್ಯಾಕೆ ಒಂದು ಕೈಲಿ ಹಿಡ್ಕ, ಕೆಳೀಕೆ ಸ್ವಲ್ಪಸ್ವಲ್ಪ ಬುಡಿಸ್ಕಂಡು ಬಾ. ಮಗೀಗೆ ನೋಯಕಿಲ್ಲ."

ದಿನಾ ಮಗಳ ತಲೆ ಬಾಚಿ ಕಲಿತ ಕೈ ಅದು. ಹಾಗೆಯೇ ಮಾಡಿದೆ. ಏನಾಶ್ಚರ್ಯ! ಒಂದೊಂದು ಸುರುಳಿಯೂ ನೀರಿನ ಹಾಗೆ ಬಿಡಿಸಿಕೊಂಡು ಬಂತು. ಮಗು ಕಿರುಚಲಿಲ್ಲ, ಹಲ್ಲು ಮುರಿಯಲಿಲ್ಲ. ಎದುರಿನವನು ಮತ್ತೆ ಕೂಗಿದಾಗ ಮಾದೇಶ ಕೈ ಬೀಸಿ, "ಇಲ್ಲ ಕಣ, ನಿನ್ ಕತ್ರಿ ಒಳೀಕೆ ಮಡೀಕ" ಎಂದ.

ನಾಳೆ ಶಾಲೆ ಶುರು. ನಾಳೆ ನಮ್ಮ ಅಂಗಡಿ ಬಾಗಿಲು ಹಾಕಿರುತ್ತದೆ, ಟೀ ಸಿಗಲಿಲ್ಲವೆಂದು ಯಾರೂ ಬೇಸರ ಪಡಬೇಡಿ. ಮೊದಲ ಬಸ್ಸಿಗೆ ಹೊರಡಲು ಚೀಲ ಕಟ್ಟಿಟ್ಟಿದ್ದೇನೆ. ಎರಡು ಕೆಂಪು ಟೇಪು, ಒಂದು ಎಣ್ಣೆ ಸೀಸೆ, ಎಲ್ಲಕ್ಕಿಂತ ಮೇಲೆ ಈ ಬಾಚಣಿಗೆ. ಇದರ ಹಲ್ಲು ಮುರಿದದ್ದು ಕೂದಲಿನಿಂದಲ್ಲ, ನನ್ನ ಕೈಯಿಂದ ಎಂದು ಗಂಡನಿಗೂ ಹೇಳಿದ್ದೇನೆ. ಅಯ್ಯೋ, ಹಾಲು ಉಕ್ಕಿತು!