ಹುಣಸೆಮರದ ಹತ್ತಿರ ಸೀಟು ಬದಲು

ಭೀಮನಬೀಡಿನ ನಾಗರತ್ನ ಒಬ್ಬಳೇ ಸ್ಕೂಟಿ ಹತ್ತಿ ಡೈರಿಗೆ ಹಾಲು ಹಾಕಿ ಬಂದರೆ ಊರಲ್ಲಿ ಯಾರದೂ ತಕರಾರಿರಲಿಲ್ಲ. ಹೆಂಗಸಿನ ಬೆನ್ನ ಹಿಂದೆ ಗಂಡಸು ಕೂತು ಬರಬಾರದು, ಅದೊಂದೇ. ಹಾಗಾಗಿ ಗಂಡಹೆಂಡಿರು ಗುಂಡ್ಲುಪೇಟೆಗೆ ಹೊರಟರೆ, ಊರ ಮುಂದಿನ ಹುಣಸೆಮರದವರೆಗೆ ಪುಟ್ಟರಾಜು ಮುಂದೆ, ನಾಗರತ್ನ ಹಿಂದೆ. ಮರ ಬಂತೋ, ಇಬ್ಬರೂ ಇಳಿದು ಸೀಟು ಬದಲು. ಅಲ್ಲಿಂದಾಚೆಗೆ ಅವಳ ರಾಜ್ಯ. ಕೇರಳದ ಲಾರಿಗಳ ಪಕ್ಕದಲ್ಲಿ ಎದೆ ನಡುಗದೆ ಓಡಿಸುವಳು. ವಾಪಸು ಬರುವಾಗ ಅದೇ ಮರದಡಿ ಅದೇ ನಾಟಕ ಉಲ್ಟಾ.

ಗಾಡಿ ಅವರ ಮಗಳು ಶಿವಾನಿಯದು. ಹರದನಹಳ್ಳಿಗೆ ಮದುವೆಯಾಗಿ ಹೋಗುವ ಮುಂಚೆ ಅವ್ವನಿಗೆ ಕಲಿಸಿ, ಬಿಟ್ಟುಹೋಗಿದ್ದಳು. ಅಪ್ಪನಿಗೂ ಕಲಿಸಹೋದಳು, ಪೂರಾ ಹತ್ತಲಿಲ್ಲ. ಪುಟ್ಟರಾಜುವಿನದು ಎತ್ತಿನ ಗಾಡಿ ಹೊಡೆದ ಕೈ. ನಿಲ್ಲಬೇಕೆಂದರೆ ಹಗ್ಗ ಎದೆಗೆ ಎಳೆದುಕೊಂಡು ‘ಹೋ, ಹೋ’ ಅನ್ನುವುದು ಅವನ ಅಭ್ಯಾಸ. ಎತ್ತು ನಿಲ್ಲುತ್ತವೆ ನಿಜ. ಸ್ಕೂಟಿಯ ಹ್ಯಾಂಡಲ್ಲು ಹಾಗೆ ಎಳೆದರೆ ಎಕ್ಸಲೇಟರು ತಿರುಗಿ ಗಾಡಿ ಇನ್ನೂ ಜೋರಾಗಿ ನುಗ್ಗುತ್ತದೆ. ಅವನು ‘ಹೋ’ ಅಂದಷ್ಟೂ ಅದು ಓಡುವುದು.

ಒಂದು ಸಲ ಹಾಗೇ ಆಯಿತು. ಕುರಿಮಂದೆ ಅಡ್ಡ ಬಂತು, ಇವನು ‘ಹೋ’ ಅಂದ, ಗಾಡಿ ಹೋಗಿ ಮರದ ಹತ್ತಿರದ ಚರಂಡಿಗೆ ಬಿತ್ತು. ಇವನು ಧೂಳು ಕೊಡವಿಕೊಂಡು ಎದ್ದ. ನಾಗರತ್ನಳ ಮೊಣಕಾಲು ಕುಂಬಳಕಾಯಿಯಂತೆ ಊದಿ, ಯುಗಾದಿ ಮುಗಿಯುವ ತನಕ ಅವಳು ಕುಂಟಿದಳು. ಟೀ ಅಂಗಡಿಯ ಕಾಯಂ ಗಿರಾಕಿ ಮಹದೇವಯ್ಯ, ಪುಟ್ಟರಾಜುಗೆ ದೊಡ್ಡಪ್ಪನ ಮಗ, ಅಲ್ಲೇ ಪಂಚಾಯ್ತಿ ಮುಗಿಸಿದ. ಹಿಂದೆ ಕೂತ ಹೆಂಗಸು ಅಲ್ಲಾಡಿದರೆ ಗಂಡಸು ಹೆಂಗೆ ಓಡಿಸಾನು ಅಂತ. ತಪ್ಪು ಅವಳ ತಲೆಗೇ ಬಂತು. ಪುಟ್ಟರಾಜು ಬಾಯಿ ಬಿಡಲಿಲ್ಲ. ಮನೆಗೆ ಬಂದು ಎಣ್ಣೆ ಬಿಸಿ ಮಾಡಿ ಕಾಲಿಗೆ ತಿಕ್ಕಿದ, ಕದ ಹಾಕಿಕೊಂಡು.

ಕೆಟ್ಟವನಲ್ಲ ಅವನು. ಅವರಪ್ಪ ಮರಿಮಲ್ಲಪ್ಪ ಸಾಕಿದ ರೀತಿ ಹಾಗೆ. ಮೂಟೆ ಎತ್ತೋಕೆ ಇನ್ನೊಬ್ಬನ ಕೈ ಕೇಳಿದವನು ಸೀರೆ ಉಡಬೇಕು ಅಂತ ಮರಿಮಲ್ಲಪ್ಪ ಸಾಯುವವರೆಗೂ ಹೇಳುತ್ತಿದ್ದ. ಸೀರೆ ಉಟ್ಟವರೇ ಆ ಮನೆಗೆ ನೀರು, ಸೌದೆ, ಹುಲ್ಲು ಎಲ್ಲ ಹೊತ್ತದ್ದು, ಅದು ಲೆಕ್ಕಕ್ಕಿಲ್ಲ.

ಈ ಮಾತಿಗೆ ಕಟ್ಟುಬಿದ್ದು ಪುಟ್ಟರಾಜು ಈರುಳ್ಳಿ ಮೂಟೆಗಳನ್ನೆಲ್ಲ ಒಬ್ಬನೇ ಎತ್ತುವನು. ಶಿವಾನಿ ಮದುವೆಯ ವರ್ಷ ತೊಡೆಸಂದಿಯಲ್ಲಿ ಗಂಟೊಂದು ಎದ್ದಿತು. ಹೇಳಲಿಲ್ಲ. ಪಂಚೆಯ ಮೇಲಿನ ಅಗಲ ಬೆಲ್ಟನ್ನು ಇನ್ನೂ ಕೆಳಕ್ಕಿಳಿಸಿ ಬಿಗಿದ. ಮಲಗುವಾಗಲೂ ಬಿಚ್ಚದಾದಾಗ ನಾಗರತ್ನಳಿಗೆ ಅನುಮಾನ ಬಂತು. ಆಸ್ಪತ್ರೆಗೆ ಹೋಗನ ಅಂದರೆ, ನಂಗೇನಾಗದೆ ಅಂತ ರೇಗಿದ.

ಈ ಸಲ ಈರುಳ್ಳಿ ಕಿತ್ತ ದಿನ ಮೂಟೆ ಎತ್ತಲು ಬಗ್ಗಿದವನು ಹಾಗೇ ಕುಸಿದು ಕೂತ. ಮೈಯೆಲ್ಲ ಬೆವರು, ಎರಡು ಸಲ ವಾಂತಿ. ಊರಿನ ಒಂದೇ ಆಟೋ ಸಂತೆಗೆ ಹೋಗಿತ್ತು. ನಾಗರತ್ನ ಸ್ಕೂಟಿಯನ್ನು ಅಂಗಳಕ್ಕೆ ತಂದು ನಿಲ್ಲಿಸಿದಳು. ಆ ನೋವಿನಲ್ಲೂ ಅವನಿಗೆ ಮರದ್ದೇ ಚಿಂತೆ.

“ನೀನು ಮರದವರೆಗೆ ಗಾಡಿ ತಕ್ಕಂಡು ನಡಿ ಕಣಮ್ಮಿ. ನಾನು ಹಿಂದ್ಲಿಂದ ನಡ್ಕಂಡು ಬತ್ತೀನಿ.”

“ನಡಿಯೋದಿರ್ಲಿ, ಎದ್ದು ನಿಂತ್ಕಳಿ ನೋಡನ,” ಅಂದಳು. ಅವನು ನಿಲ್ಲಲಾರದೆ ಗೋಡೆ ಹಿಡಿದ. “ಸತ್ರೆ ಊರೋರೇ ಹೊತ್ಕಂಡು ಓಗ್ತಾರೆ. ಆಗ ಯಾರು ಮುಂದೆ ಯಾರು ಹಿಂದೆ ಅಂತ ಕೇಳೀರಾ? ಕೂತ್ಕಳಿ.”

ಕೂತ. ಟವೆಲ್ಲಿನಿಂದ ಮುಖವೆಲ್ಲ ಮುಚ್ಚಿಕೊಂಡು ಕೂತ. ಆ ಹಸಿರು ಟವೆಲ್ಲು ಯಾರದೆಂದು ಊರಿನ ನಾಯಿಗೂ ಗೊತ್ತು. ಟೀ ಅಂಗಡಿ ಮುಂದೆ ಬರುತ್ತಲೂ ಮಹದೇವಯ್ಯ ಲೋಟ ಕೆಳಗಿಟ್ಟು, “ಏನ್ಲಾ ಪುಟ್ಟರಾಜು, ಹೆಂಡ್ರು ಸೆರಗಿಡ್ಕಂಡು ಯಾವೂರ್ಗ್ಲಾ ಸವಾರಿ?” ಅಂದ. ನಾಗರತ್ನ ಹಾರನ್ ಒತ್ತಿದ ಕೈ ತೆಗೆಯದೆ ಅವನ ಮುಂದೆಯೇ ದಾಟಿದಳು. ಹುಣಸೆಮರವೂ ದಾಟಿಹೋಯಿತು.

ಗುಂಡ್ಲುಪೇಟೆಯಲ್ಲಿ ನೋಡಿದವರು ಹರ್ನಿಯಾ, ಕರುಳು ಸಿಕ್ಕಿಕೊಂಡಿದೆ ಎಂದು ಹೇಳಿ ಆಂಬ್ಯುಲೆನ್ಸಿನಲ್ಲಿ ಚಾಮರಾಜನಗರಕ್ಕೆ ಕಳಿಸಿದರು. ಅಲ್ಲಿನ ಡಾಕ್ಟರು, ಇನ್ನು ಸ್ವಲ್ಪ ತಡವಾಗಿದ್ದರೆ ಕರುಳು ಕೊಳೆಯುತ್ತಿತ್ತು, ಯಾವಾಗಿನಿಂದ ಇದು ಅಂದರು. ಮೊನ್ನೆಯಿಂದ ಅಂದ ಇವನು. ಮಗಳ ಮದುವೆಯಿಂದ ಅಂದಳು ಇವಳು. ಮತ್ಯಾಕೆ ಹೇಳಲಿಲ್ಲ ಅಂದರೆ, ಗೋಡೆ ನೋಡಿಕೊಂಡು, “ಎಲ್ಲಿ ನೋವು ಅಂತ ಹೇಳನ ಸ್ವಾಮಿ?” ಅಂದ.

ಆಪರೇಷನ್ ಆದ ಮರುದಿನ, ಶಿವಾನಿ ಗಂಜಿ ತಂದುಕೊಟ್ಟು ಆಚೆ ಹೋದ ಮೇಲೆ, ಹೆಂಡತಿಯನ್ನು ಹತ್ತಿರ ಕರೆದ. “ನಮ್ಮಪ್ಪನ್ಗೂ ಇತ್ತು ಕಣಮ್ಮಿ ಇದು. ಬೆಲ್ಟು ಬಿಗಿಯೋದು ಅವ್ನೇ ಹೇಳ್ಕೊಟ್ಟಿದ್ದು.” ನಾಗರತ್ನಳಿಗೆ ಮಾವ ಕಡೆಗಾಲದಲ್ಲಿ ಹೊಟ್ಟೆ ಹಿಡಿದುಕೊಂಡು ಒದ್ದಾಡಿದ್ದು ಕಣ್ಣಮುಂದೆ ಬಂತು. ಅಜೀರ್ಣ ಅಂದುಕೊಂಡು ಇವಳೇ ಜೀರಿಗೆ ಕಷಾಯ ಕೊಟ್ಟಿದ್ದಳು.

ಕೆಲವು ದಿನ ಕಳೆದು ಡಾಕ್ಟರಿಗೆ ಮತ್ತೆ ತೋರಿಸಿಕೊಂಡು, ಗುಂಡ್ಲುಪೇಟೆಯಲ್ಲಿ ಬಸ್ಸಿಳಿದು, ಅಲ್ಲಿ ನಿಲ್ಲಿಸಿದ್ದ ಸ್ಕೂಟಿಯಲ್ಲಿ ಬರುವಾಗ, ಹುಣಸೆಮರದಡಿ ಅವಳ ಕೈ ತಾನಾಗಿಯೇ ಬ್ರೇಕು ಹಿಡಿಯಿತು. ಒಂದು ಕಾಲು ನೆಲಕ್ಕೂ ಊರಿದಳು. ಹಿಂದಿನಿಂದ ಅಲ್ಲಾಟವಿಲ್ಲ.

“ಯಾಕಮ್ಮಿ ನಿಲ್ಲುಸ್ದೆ?” ಅಂದ. “ನಡಿ, ಹೊಟ್ಟೆ ಹಸೀತಾದೆ.”

ಟವೆಲ್ಲು ಹೆಗಲ ಮೇಲೇ ಇತ್ತು.

ಅದಾದ ವಾರದಲ್ಲಿ ನಾಗರತ್ನ ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿದ್ದಾಗ ಬೇಲಿ ಸಂದಿಯಿಂದ ಮಹದೇವಯ್ಯ ಬಂದ. ಮುಂಬಾಗಿಲು ಬಿಟ್ಟು ಅಲ್ಲಿಂದ ಬಂದದ್ದು ಅವಳಿಗೆ ಸೋಜಿಗ. ಮಳೆಯ ಮಾತಾಡಿದ, ಹಸುವಿನ ಮಾತಾಡಿದ. ಕೈ ಮಾತ್ರ ಕೆಳಕ್ಕಿಳಿಸಿ ಬಿಗಿದ ತನ್ನ ಬೆಲ್ಟಿನ ಮೇಲೇ ಇತ್ತು. ಕಡೆಗೆ, ಪುಟ್ಟರಾಜುಗೆ ಕುಯ್ದಾಗ ಬಲು ನೋವಾಯ್ತಾ ಅಂತ ಕೇಳಿದ. ಅವಳಿಗೆ ಎಲ್ಲ ತಿಳಿಯಿತು, ನಗಲಿಲ್ಲ. ಸೂಜಿ ಹಾಕಿ ಮತ್ತು ಬರಿಸ್ತಾರೆ ಬಾವ, ಗೊತ್ತೇ ಆಗಕಿಲ್ಲ ಅಂದಳು.

ಅವನು ಇನ್ನೂ ಹೋಗಲಿಲ್ಲ. “ನಮ್ಮನೆಯವ್ಳಿಗೂ ಈ ಗಾಡಿ ಓಡ್ಸೋದು ಒಸಿ ಕಲಿಸ್ಕೊಡವ್ವ. ಊರೊಳ್ಗೆ ಬ್ಯಾಡ. ಹುಣಸೆಮರದಾಚೆ, ಯಾರೂ ಇಲ್ದಾಗ.”

ನಾಗರತ್ನ ಬೆಳಗಿದ ಚೊಂಬನ್ನು ಬೋರಲು ಹಾಕಿದಳು.

“ಮರದತ್ರ ಚರಂಡಿ ಅದೆ ಬಾವ. ಟೀ ಅಂಗಡಿ ಮುಂದೆ ರೋಡು ಅಗಲವಾಗದೆ, ಅಲ್ಲಿಗೆ ಕಳ್ಸಿ. ನೀವೂ ಬನ್ನಿ, ಹಿಂದೆ ಕೂತ್ಕಳೋದು ಕಲೀಬೇಕಲ್ಲ.”