ಇಂಗ್ಲಿಷ್ ಪ್ರಬಂಧದ ಕನ್ನಡ ಪುಟಗಳು

ನನ್ನ ಪಿಎಚ್‌ಡಿ ಪ್ರಬಂಧದ ನಾಲ್ಕನೆಯ ಅಧ್ಯಾಯವನ್ನು ಮಾರ್ಗದರ್ಶಕರು ಎರಡು ಬೆರಳಲ್ಲಿ ಎತ್ತಿ ಹಿಡಿದರು, ಒದ್ದೆ ಬಟ್ಟೆ ಹಿಡಿದಂತೆ.

"ಇದು ಇಂಗ್ಲಿಷ್ ವಿಭಾಗ ಅದ ಮೇಡಂ. ಇಲ್ಲಿ ಕನ್ನಡ ಯಾಕ ಬಂತ್ರಿ?"

ಆಗ ನಾನು ರಾಮದುರ್ಗ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಶಿಕ್ಷಕಿ. ಇಂಗ್ಲಿಷನ್ನು ಪರೀಕ್ಷೆಯಲ್ಲಿ ಬರೆಯಬಲ್ಲ ಮಕ್ಕಳು ಬಾಯಿಬಿಟ್ಟು ಮಾತಾಡುವುದಿಲ್ಲ ಏಕೆ ಎಂಬುದು ನನ್ನ ಸಂಶೋಧನೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ಸವದತ್ತಿ ಮೇಲೆ ಹಾದು ಧಾರವಾಡ ತಲುಪುವಷ್ಟರಲ್ಲಿ ವಿಭಾಗದಲ್ಲಿ ಕಸ ಗುಡಿಸುತ್ತಿರುತ್ತಿದ್ದರು. ಮಾರ್ಗದರ್ಶಕರು ಕಾದಿದ್ದರೆ ಅದೇ ಪುಣ್ಯ.

ಆ ಕನ್ನಡ ಪುಟಗಳು ಹುಟ್ಟಿದ್ದು ಒಂಬತ್ತನೆಯ ತರಗತಿಯಲ್ಲಿ. ಮಕ್ಕಳನ್ನು ನವಿಲುತೀರ್ಥದ ಅಣೆಕಟ್ಟಿಗೆ ಕರೆದುಕೊಂಡು ಹೋಗಿ ಬಂದಿದ್ದೆವು. ಮರುದಿನ, ಕಂಡದ್ದನ್ನು ಇಂಗ್ಲಿಷಿನಲ್ಲಿ ಹೇಳಿ ಎಂದೆ. ಎಲ್ಲರೂ ಬೆಂಚು ನೋಡುತ್ತ ಕುಳಿತರು. ನನಗೆ ರೇಗಿತು. ಕಿತ್ತೂರಿನಲ್ಲಿ ಓದುವಾಗ ನಾನೂ ಹೀಗೆಯೇ ಬೆಂಚು ನೋಡಿದವಳು. ಬಾಯಿಬಿಟ್ಟರೆ ನಗುತ್ತಾರೆ ಎಂದು ಮೂರು ವರ್ಷ "ಎಸ್ ಸರ್" ಬಿಟ್ಟು ಬೇರೇನೂ ಆಡಿರಲಿಲ್ಲ.

"ಆತು, ಮೊದಲ ನಿಮ್ಮ ಮಾತಿನ್ಯಾಗ ಹೇಳ್ರಿ," ಎಂದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಗೇಟ್ ತೆಗದ ಕೂಡ್ಲೆ ನೀರು ಹಾಲು ಉಕ್ಕಿದಂಗ ಉಕ್ಕಿತ್ರಿ ಟೀಚರ. ನನಗ ಹಿಂದ ಸರೀಬೇಕನಸ್ತು, ಕಾಲs ಬರಲಿಲ್ರಿ." ಅಷ್ಟು ಹೇಳಿ ಅವಳೇ ಕೇಳಿದಳು, "ಉಕ್ಕುದಕ್ಕ ಇಂಗ್ಲಿಷಿನ್ಯಾಗ ಏನಂತಾರ್ರಿ?"

ಅಷ್ಟು ವರ್ಷದ ನೌಕರಿಯಲ್ಲಿ ನನ್ನನ್ನು ಯಾರೂ ಒಂದು ಇಂಗ್ಲಿಷ್ ಶಬ್ದ ಬೇಕೆಂದು ಕೇಳಿರಲಿಲ್ಲ. ನಾನು ಕೊಡುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು. ಪೀರಿಯಡ್ ಮುಗಿಯುವುದರೊಳಗೆ ಅವಳ ನೀರು ಇಂಗ್ಲಿಷಿನಲ್ಲೂ ಉಕ್ಕಿತು. ವ್ಯಾಕರಣ ಅಲ್ಲಲ್ಲಿ ಎಡವಿತ್ತು, ಆದರೆ ಮಾತು ಅವಳದೇ. ಅಂಥ ಮಾತುಗಳನ್ನೇ ಮಕ್ಕಳು ಆಡಿದಂತೆ, ಕನ್ನಡ ಲಿಪಿಯಲ್ಲಿ, ಎದುರಿಗೆ ಅವರ ಇಂಗ್ಲಿಷ್ ಇಟ್ಟು ಪ್ರಬಂಧಕ್ಕೆ ಸೇರಿಸಿದ್ದೆ.

"ಅನುವಾದ ಅಷ್ಟs ಇಡ್ರಿ. ಇವನ್ನೆಲ್ಲ ತಗೀರಿ," ಎಂದರು ಮಾರ್ಗದರ್ಶಕರು. "ಇಲ್ಲಾಂದ್ರ ನಾ ಸಹಿ ಮಾಡೂದಿಲ್ಲ."

"ಮಕ್ಕಳ ಮಾತು ತಗದ್ರ ನನ್ನ ಪ್ರಬಂಧದಾಗ ಏನೂ ಉಳಿಯೂದಿಲ್ರಿ ಸರ."

"ಹಂಗಾದ್ರ ನಿಮ್ಮ ದಾರಿ ನೀವು ನೋಡ್ಕೋರಿ."

ಬೈಲಹೊಂಗಲದಲ್ಲಿ ಹತ್ತಿ ವ್ಯಾಪಾರ ಮಾಡಿಕೊಂಡಿರುವ ಅಪ್ಪನಿಗೆ ಇದನ್ನು ಹೇಳಿದೆ. "ಪುಟ ತಗದ ಸಹಿ ಹಾಕಿಸ್ಕೊಂಡ ಬಾರವಾ ತಂಗಿ," ಎಂದರು. "ಆಮ್ಯಾಲ ನಿನ್ನ ಮನಸಿಗೆ ಬಂದಂಗ ಬರಕೊ."

"ಆಮ್ಯಾಲ ಯಾರೂ ಬರಿಯೂದಿಲ್ಲಪ್ಪಾ," ಎಂದೆ. ಅವರಿಗೆ ಬೇಸರವಾಯಿತು.

ಮಾರ್ಗದರ್ಶಕರನ್ನು ಬದಲಿಸಲು ಅರ್ಜಿ ಕೊಟ್ಟೆ. ವಿಭಾಗದಲ್ಲಿ ನನ್ನನ್ನು ಕಂಡರೆ ಮಾತು ನಿಲ್ಲಿಸುವವರು ಹೆಚ್ಚಾದರು. ನನ್ನ ಜೊತೆ ಪಿಎಚ್‌ಡಿಗೆ ಸೇರಿದವರು ಹೆಸರಿನ ಮುಂದೆ ಡಾಕ್ಟರ್ ಹಚ್ಚಿಕೊಂಡು ಮದುವೆ ಪತ್ರಿಕೆಗಳಲ್ಲೂ ಅದನ್ನೇ ಅಚ್ಚು ಹಾಕಿಸತೊಡಗಿದರು. ಕೊನೆಗೆ ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಪ್ರಾಧ್ಯಾಪಕಿ ನನ್ನನ್ನು ಒಪ್ಪಿಕೊಂಡರು. ಅವರೇನೂ ಬೆನ್ನು ತಟ್ಟಲಿಲ್ಲ. "ಕನ್ನಡ ಪುಟ ಇರ್ಲಿ. ಆದ್ರ ನಿಮ್ಮ ವಾದ ಭಾಳ ಸಡಲ ಅದ. ಮೊದಲಿಂದ ಬರೀರಿ," ಎಂದರು. ಬರೆದೆ, ಹಲ್ಲು ಕಚ್ಚಿಕೊಂಡು. ಅವರ ಮಾತು ಸರಿಯಿತ್ತು ಎಂಬುದು ಬರೆಯುತ್ತ ಹೋದಂತೆ ತಿಳಿಯಿತು.

ಮೌಖಿಕ ಪರೀಕ್ಷೆಯ ದಿನ ಹಳೆಯ ಮಾರ್ಗದರ್ಶಕರು ಮುಂದಿನ ಸಾಲಿನಲ್ಲೇ ಇದ್ದರು. ಹೊರಗಿನಿಂದ ಬಂದ ಪರೀಕ್ಷಕರು ನಾಲ್ಕನೆಯ ಅಧ್ಯಾಯ ತೆರೆದು, ಇದರಲ್ಲಿ ಒಂದನ್ನು ಓದಿ ಎಂದರು. ಆ ಹುಡುಗಿಯ ಮಾತನ್ನು ಅವಳು ಆಡಿದ ಹಾಗೆಯೇ ಓದಿದೆ. ಹಿಂದಿನಿಂದ ನಗು ಕೇಳಿಸಿತು. ನಿಲ್ಲಿಸಿದೆ. ನಗು ನಿಂತ ಮೇಲೆ ಮತ್ತೆ ಮೊದಲಿನಿಂದ, ಇನ್ನೂ ಗಟ್ಟಿಯಾಗಿ ಓದಿದೆ.

"ಮಕ್ಕಳು ಕನ್ನಡದಲ್ಲಿ ಹೇಳಿದರೆ ನೀವು ಇಂಗ್ಲಿಷ್ ಕಲಿಸುವುದರಲ್ಲಿ ಸೋತಂತಲ್ಲವೇ?" ಎಂದು ಪರೀಕ್ಷಕರು ಇಂಗ್ಲಿಷಿನಲ್ಲಿ ಕೇಳಿದರು.

ನಾನೂ ಇಂಗ್ಲಿಷಿನಲ್ಲೇ, ನನ್ನ ಸೀಮೆಯ ಉಚ್ಚಾರದಲ್ಲೇ ಹೇಳಿದೆ: "ಅವರು ಸುಮ್ಮನಿದ್ದಾಗ ಸೋತಿದ್ದೆ ಸರ್. ಆವಾಗ ನನ್ನನ್ನು ಯಾರೂ ಪ್ರಶ್ನೆ ಮಾಡಲಿಲ್ಲ."

ಅವರು ತಲೆ ಎತ್ತಿ ನೋಡಿ ಪುಟ ತಿರುಗಿಸಿದರು. ಆಮೇಲೆ ಕೇಳಿದ ಪ್ರಶ್ನೆಗಳೆಲ್ಲ ಪಾಠದ ಬಗ್ಗೆಯೇ ಇದ್ದವು. ಪದವಿ ಬಂತು, ಒಂದು ಪುಟವೂ ಹೋಗಲಿಲ್ಲ. ಹಳೆಯ ಮಾರ್ಗದರ್ಶಕರು ಚಹಾಕ್ಕೂ ನಿಲ್ಲದೆ ಹೊರಟುಹೋದರು. ಅಪ್ಪ ಮಾತ್ರ ಫೋನಿನಲ್ಲಿ, "ಪುಟ ಹಂಗs ಅದಾವೇನು?" ಎಂದು ಎರಡೆರಡು ಸಲ ಕೇಳಿದರು.

ನಾನು ಈಗಲೂ ಅದೇ ಶಾಲೆಯಲ್ಲಿದ್ದೇನೆ. ಈ ವರ್ಷ ಬಂದ ಹೊಸ ಮುಖ್ಯೋಪಾಧ್ಯಾಯರು ಮೊನ್ನೆ ಬಾಗಿಲಲ್ಲಿ ನಿಂತು, "ಇಂಗ್ಲಿಷ್ ಪೀರಿಯಡ್‌ನ್ಯಾಗ ಕನ್ನಡ ಕೇಳಸಾಕ ಹತ್ತೇತಲ್ರಿ ಮೇಡಂ," ಎಂದರು.

"ಒಳಗ ಬಂದ ಕುಂದರ್ರಿ ಸರ, ಇಂಗ್ಲಿಷೂ ಕೇಳಸ್ತೈತಿ," ಎಂದೆ.

ಅವರು ಒಳಗೆ ಬರಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ನಿಂತು ಹೋದರು. ನಾನು ಪಾಠ ಮುಂದುವರಿಸಿದೆ.