ಮುನಿಯಮ್ಮ ಯಾರಿಗೆ ಹೆದರಬೇಕು?

ಹೋದ ತಿಂಗಳು ನನ್ನ ಕಣ್ಣೆದುರೇ ಒಬ್ಬ ಹುಡುಗಿ ರೈಲು ಹಳಿಗೆ ಧುಮುಕಿದಳು. ಸೊಂಟದಲ್ಲಿ ಕೂಸು. ಎದುರಿಗೆ ಗೂಡ್ಸ್ ಗಾಡಿ.

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಚಿನ್ನದ ಗಣಿಗಳಿರುವ ಊರಿಗಾಂ ಕಡೆಯ ಟ್ರೇನಿಗೆ ಕಾಯುತ್ತಿದ್ದೆ. ಹುಡುಗಿಯನ್ನು ದಿನಾ ನೋಡುತ್ತಿದ್ದವನೇ. (ನೋಡುವುದರಲ್ಲಿ ನಾವೆಲ್ಲ ಗಟ್ಟಿಗರು!) ಹೆಸರು ಮುನಿಯಮ್ಮ. ಒಂಬತ್ತು ವರ್ಷವಿರಬಹುದು. ಗಣಿಯಲ್ಲಿ ಕೂಲಿಗಿದ್ದ ಅಪ್ಪ ಕ್ಷಯದಿಂದ ಹೋದ. ಅವ್ವ ಹೆರಿಗೆಯಲ್ಲಿ ಹೋದಳು. ಉಳಿದದ್ದು ವರ್ಷದ ತಮ್ಮ ಮತ್ತು ಪ್ಲಾಟ್‌ಫಾರಂನ ಬೆಂಚಿನ ಕೆಳಗೆ ಒಂದಿಷ್ಟು ಜಾಗ.

ಅವತ್ತು ಕೂಸಿನ ಮೈ ಕಾದ ಹೆಂಚು. ಊರಿಗಾಂನಲ್ಲಿ ಅನಾಥ ಮಕ್ಕಳನ್ನು ಸಾಕುವ ಜ್ಞಾನಮ್ಮ ಎಂಬ ಕ್ರೈಸ್ತ ಸೇವಕಿ ಅದರ ಹಣೆ ಮುಟ್ಟಿ, "ಬಾ ತಾಯಿ, ನಮ್ಮನೇಗೆ ಓಗಾಣ. ಡಾಕ್ಟ್ರಿಗೆ ತೋರಿಸ್ತೀನಿ" ಎಂದರು. ಅಷ್ಟೇ.

"ನಾನ್ ಬರಲ್ಲ! ನೀವು ಮಕ್ಕಳ್ನ ಗಣೀಗೆ ಬಲಿ ಕೊಡ್ತೀರ!"

ಕಿರುಚಿದವಳೇ ಹಳಿಗೆ ಹಾರಿದಳು.

ಯಾರು ಹೇಳಿದ್ದರು ಅವಳಿಗೆ? ನಾವೇ! ಆ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಾ ಜ್ಞಾನಮ್ಮನ ಮನೆಯ ಬಗೆಗಿನ ಈ ಗಾಳಿಸುದ್ದಿಯನ್ನು ನಾನೇ ಎಷ್ಟು ಸಲ ನಗುತ್ತಾ ಹೇಳಿಲ್ಲ? ಕೆಳಗೂ ಎರಡು ಕಿವಿಗಳಿದ್ದವು.

ಇಂಜಿನ್ ಕೂಗಿತು. ನಾನು ನಿಂತಲ್ಲೇ ನಿಂತೆ. ಒಂದೊಂದೇ ಡಬ್ಬಿ ಧಡಧಡ ಹಾದುಹೋಯಿತು. ಆಚೆ ಏನಾಗಿದೆ? ಕಾಣದು. ಕೊನೆಯ ಡಬ್ಬಿ ಹೋಗುವವರೆಗೂ ನಾನು ಕಣ್ಣು ಕದಲಿಸಲಿಲ್ಲ.

ಹುಡುಗಿ ಆಚೆ ಬದಿಯ ಕಲ್ಲಿದ್ದಲ ರಾಶಿಗೆ ಒರಗಿ ಕೂಸನ್ನು ಅವುಚಿಕೊಂಡಿದ್ದಳು. ಕೂಸು ಅಳುತ್ತಿತ್ತು. ಸದ್ಯ, ಅಳುತ್ತಿತ್ತು!

ಹಿಡಿಯಲು ಓಡಿದ ಪೋರ್ಟರುಗಳನ್ನು ಜ್ಞಾನಮ್ಮ ತಡೆದರು. "ಯಾರೂ ಅಟ್ಟಿಸ್ಕೊಂಡು ಓಗ್ಬೇಡ್ರಪ್ಪಾ. ಇನ್ನೊಂದ್ ಗಾಡಿ ಬತ್ತದೆ." ತಾವೊಬ್ಬರೇ ಹಳಿ ದಾಟಿ, ದೂರದಲ್ಲಿ ಜಲ್ಲಿಯ ಮೇಲೆ ಕೂತರು.

"ನಾನು ಮುಟ್ಟಲ್ಲಮ್ಮ. ಕೂಸು ನಿನ್ನತ್ರಾನೇ ಇರ್ಲಿ."

ನಮ್ಮ ಟ್ರೇನು ಬಂತು, ಹೋಯಿತು. ಜ್ಞಾನಮ್ಮ ಏಳಲಿಲ್ಲ, ನಾನೂ ಹತ್ತಲಿಲ್ಲ. ಆಕೆಯ ತುಟಿ ಮಾತ್ರ ಅಲುಗುತ್ತಿತ್ತು, ಪ್ರಾರ್ಥನೆಯಿರಬೇಕು. ಕೂಸಿನ ಅಳು ಸಣ್ಣಗಾಗುತ್ತಾ ಬಂತು. ನನಗೆ ಅದೇ ಹೆಚ್ಚು ಭಯ.

ಕೊನೆಗೆ ಹುಡುಗಿ ಕೇಳಿದಳು: "ಬಾಗ್ಲು ಆಕ್ತೀರಾ?"

"ಇಲ್ಲಮ್ಮ. ಬೇಡಾಂದ್ರೆ ನೀನೇ ವಾಪಸ್ ಬಂದ್ಬಿಡು."

ಮುಂದಿನ ಟ್ರೇನಿಗೆ ಮೂವರೂ ಹೋದರು. ಆಮೇಲೆ ತಿಳಿಯಿತು: ಆ ಮನೆಯ ಬಾಗಿಲು ವಾರವಿಡೀ ತೆರೆದೇ ಇತ್ತಂತೆ, ಹೊಸ್ತಿಲ ಬಳಿ ಜ್ಞಾನಮ್ಮ ಚಾಪೆ ಹಾಸಿಕೊಂಡಿದ್ದರಂತೆ. ಮುನಿಯಮ್ಮ ಎರಡು ಸಲ ಗೇಟಿನವರೆಗೆ ಹೋಗಿ ತಾನಾಗಿಯೇ ತಿರುಗಿ ಬಂದಳಂತೆ.

ಮೊನ್ನೆ ಭಾನುವಾರ ಬಿಸ್ಕತ್ತು ಹಿಡಿದು ಅಲ್ಲಿಗೆ ಹೋದೆ. ಜ್ವರ ಬಿಟ್ಟ ಕೂಸು ಗೋಡೆ ಹಿಡಿದು ಹೆಜ್ಜೆ ಹಾಕುತ್ತಿತ್ತು. ಎಣ್ಣೆ ಹಚ್ಚಿ ಜಡೆ ಹೆಣೆದ ಮುನಿಯಮ್ಮ ಸ್ಲೇಟಿನ ಮೇಲೆ ಅ, ಆ ತೀಡುತ್ತಿದ್ದಳು. ನನ್ನನ್ನು ಕಂಡದ್ದೇ ತಮ್ಮನನ್ನು ಬಾಚಿಕೊಂಡು ಜ್ಞಾನಮ್ಮನ ಸೆರಗಿನ ಹಿಂದೆ ಸರಿದಳು.

"ಅಮ್ಮಾ, ಆ ಸಾರು ನಮ್ಮನ್ನ ಕರ್ಕೊಂಡೋಗಕ್ಕೆ ಬಂದವ್ರಾ?"

ಈ ಸಲ ಅವಳು ಹೆದರಿದ್ದು ಹೆದರಬೇಕಾದವನಿಗೇ ಅಲ್ಲವೇ?